ಮರೆಗುಳಿ ರಕ್ತ

ಕ್ಲಾಕ್ಸ್‌ವಿಕ್ ಆಸ್ಪತ್ರೆಯ ಈ ಕೋಣೆಗೆ
ಪರದೆ ಹಾಕಿಲ್ಲ, ಕಿಟಕಿಯ ತುಂಬ ಕಡಲು.
ಸುನ್ವೊ ಕುರ್ಚಿಯ ತುದಿಯಲ್ಲಿ,
ಒಂದು ಬೂಟು ಕಾಲಲ್ಲಿ, ಇನ್ನೊಂದು ಮಡಿಲಲ್ಲಿ.
ನಿನ್ನೆಗೆ ಐದು ತುಂಬಿತು.
"ಎಷ್ಟು ತಗೋತೀಯ?"
ಒಂದು ಚಮಚ.
"ಯಾವಾಗ ವಾಪಸ್ ಕೊಡ್ತೀಯ?"

ಹಸುಗೂಸಾಗಿದ್ದಾಗ ಇವಳ ತೊಡೆಗೆ
ಲಸಿಕೆ ಚುಚ್ಚಿದವಳು ನಾನೇ.
ಲಸಿಕೆಯೆಂದರೆ ಇನ್ನೇನು,
ಕಳ್ಳನ ಹರಿದ ಅಂಗಿಯನ್ನು ನಾಯಿಗೆ ಮೂಸಿಸಿ
ಇವನು ಬಂದರೆ ಬೊಗಳು ಎನ್ನುವುದು.
ಮೂರು ಸಲ ಮೂಸಿಸಿದ್ದೆ.

ಕೆಲವು ವಾರಕ್ಕೆ ಚೀಟಿ ಬಂತು.
ಧನುರ್ವಾಯುವಿನ ಕಾವಲು: ಇರಬೇಕಾದ್ದರಲ್ಲಿ ಕಾಲುಪಾಲು.
ಗಂಟಲಮಾರಿಯದು: ಇದೆ ಎನ್ನಲಾರದಷ್ಟು.
ನಾಯಿ ಸತ್ತಿಲ್ಲ,
ಕಳ್ಳನ ಜೊತೆ ಸೇರಿಲ್ಲ,
ಬೇಲಿಯೆದ್ದು ಹೊಲ ಮೇದ ಕಥೆಯಲ್ಲ ಇದು.
ಹೊಸ್ತಿಲಲ್ಲಿ ಕೂತು ಬಾಲವಾಡಿಸುತ್ತಿದೆ,
ಈ ವಾಸನೆ ಎಲ್ಲೋ ಹಿಡಿದಿದ್ದೆನಲ್ಲ
ಎಂದು.

ಚೀಟಿಯ ಹಿಂಬದಿ ಆ ಉದ್ದುದ್ದ ಹೆಸರುಗಳು,
ನಾಲಗೆ ಹೊರಳದು.
ಮೊಟ್ಟೆ ಬಾಣಲೆಗೆ ಅಂಟದಿರಲೆಂದು,
ಮಳೆ ಕೋಟಿಗೆ ಅಂಟದಿರಲೆಂದು
ಯಾರೋ ಎಲ್ಲೋ ಬೇಯಿಸಿದ್ದು.
ಯಾವುದಕ್ಕೂ ಅಂಟದ್ದು ರಕ್ತಕ್ಕೆ ಅಂಟಿತು.
ಮೀನು ಕೊಯ್ಯುವ ಕಾರ್ಖಾನೆ ಬಿಟ್ಟರೆ
ನಮ್ಮೂರಿಗೆ ಹೇಳಿಕೊಳ್ಳುವ ಚಿಮಣಿಯಿಲ್ಲ.
ಯಾರದೋ ಹೊಳೆ ಹಿಡಿದು ಕಡಲಿಗೆ,
ಸಿಗಡಿಯಿಂದ ಬೊಂಡಾಸಿಗೆ,
ಬೊಂಡಾಸಿನಿಂದ ತಿಮಿಂಗಿಲಕ್ಕೆ,
ತಿಮಿಂಗಿಲದಿಂದ ಬಿಲ್ಲಾ ಅಜ್ಜಿಯ ಉಪ್ಪಿನ ಪೀಪಾಯಿಗೆ,
ಅಲ್ಲಿಂದ ಮಾರ್ಯುನಳ ತಟ್ಟೆಗೆ, ಬಸಿರಿಗೆ,
ಎದೆಗೆ.

ಹಾಲೂಡು ತಾಯಿ, ಅದಕ್ಕಿಂತ ಮದ್ದಿಲ್ಲ
ಎಂದಿದ್ದವಳೂ ನಾನೇ.
ಈಗಲೂ ಹಾಗೇ ಹೇಳುತ್ತೇನೆ ಎಲ್ಲ ಬಾಣಂತಿಯರಿಗೆ,
ದನಿ ಮಾತ್ರ ಸ್ವಲ್ಪ ತಗ್ಗಿಸಿ.

ಮಾರ್ಯುನ್ ಚೀಟಿಯನ್ನು ಎರಡು ಸಲ ಓದಿದಳು.
"ಬೈನಿರ್ ದೋಣಿಯಿಂದ ಪಾಲು ತಂದಾಗ
ಅಕ್ಕಪಕ್ಕಕ್ಕೆ ಹಂಚದೆ ನಾವು ಉಂಡದ್ದಿಲ್ಲ."
ಯಾರಿಗೆ ಹೇಳಿದಳೋ.
ಆ ಪಾಲಿನ ಒಂದು ತುಂಡು, ಅಂಗೈಯಗಲದ್ದು,
ನನ್ನ ಮನೆಯ ಫ್ರಿಜ್ಜಿನಲ್ಲೂ ಇದೆ.
ನಾನು ಬಾಯಿಬಿಡಲಿಲ್ಲ.

ಸುನ್ವೊ ತಾನಾಗಿಯೇ ತೋಳು ಮೇಲೇರಿಸಿದಳು.
ಹೊಸ ಸೂಜಿ,
ಅದೇ ಹರಿದ ಅಂಗಿ.
ಮೂಸು, ಕೂಸೇ, ಎಂದುಕೊಂಡೆ,
ಇನ್ನೊಮ್ಮೆ ಮೂಸು.
ಹತ್ತಿ ಒತ್ತಿ ಹಿಡಿದು ನನ್ನ ಮುಖ ನೋಡಿ
"ನನ್ನ ಚಮಚ?" ಎಂದಳು.