ಎರಡು ಚಮಚ ಬಿಳಿ

ಬಣ್ಣದ ಲಾರಿ ಬರುವುದು ಗುರುವಾರ.
ಇವತ್ತಿನ್ನೂ ಸೋಮವಾರ.
ಬಿಳಿಯ ಡಬ್ಬಿಯಲ್ಲಿ ತಳ ಕಾಣುತ್ತಿದೆ.

ಮಿರ್ಟಲ್ ಅಜ್ಜಿ ತಗಡಿನ ಶೆಡ್ಡಿನಲ್ಲಿ
ಕ್ಯಾನ್ವಾಸಿನ ನಡುವೆಯೇ ಕಾಲು ಚಾಚಿ ಕೂತಿದ್ದಾಳೆ.
ಪಕ್ಕದಲ್ಲಿ ನಾಯಿ, ಹೆಸರು ಸಾರ್ಜೆಂಟ್.
‘ಸಾರ್ಜೆಂಟ್, ಬಾಲ ತೆಗಿ’ ಅಂದರೆ ತೆಗೆಯುತ್ತದೆ.
ನಿಜದ ಸಾರ್ಜೆಂಟರು
ಇಷ್ಟು ಮಾತು ಕೇಳಿದವರಲ್ಲ.

ಬರೆಯುತ್ತಿರುವುದು ಗವರ್ನರನನ್ನು.
ಗರಿಯ ಟೋಪಿ, ಚಿನ್ನದ ಗುಂಡಿ, ಸೊಂಟಕ್ಕೆ ಕತ್ತಿ,
ಪೇಟೆಯ ಚೌಕದಲ್ಲಿ ಕಂಚಾಗಿ ನಿಂತು
ಪಾರಿವಾಳಗಳಿಗೆ ಉಪಕಾರಿಯಾದನಲ್ಲ, ಅವನೇ.
ಇಲ್ಲಿ ಸಾಲಿನಲ್ಲಿ ನಿಂತಿದ್ದಾನೆ,
ಕೈಯಲ್ಲಿ ತಗಡಿನ ಲೋಟ.
ಅವನ ಮುಂದೆ ಹನ್ನೊಂದು ಹೆಂಗಸರು, ಎರಡು ಎಮು,
ಚಡ್ಡಿಯಿಲ್ಲದ ಒಂದು ಮಗು.
ಕತ್ತಿನಲ್ಲಿ ಹಿತ್ತಾಳೆಯ ಬಿಲ್ಲೆ,
ಅಜ್ಜಿಯ ಅಜ್ಜನಿಗೆ ಅವರು ತೊಡಿಸಿದಂಥದೇ.
ಅದರ ಮೇಲೆ ‘ರಾಜ’ ಎಂದು ಕೆತ್ತಿತ್ತು.
ಇದರ ಮೇಲೆ:
‘ಹೊಸಬ. ದಾರಿ ತಪ್ಪಿ ಸಿಕ್ಕಿದರೆ
ಸಮುದ್ರಕ್ಕೆ ತಲುಪಿಸಿ.’

ಹಿಟ್ಟು, ಸಕ್ಕರೆ, ಚಹದ ಪುಡಿ.
ಅಜ್ಜಿಯ ಅವ್ವ ನಿಂತ ಸಾಲು ಅದು.
ಹಿಟ್ಟು ಅಳೆಯುವಾಗ ದೊರೆಸಾನಿ
ಚಮಚವನ್ನು ಬೆರಳಿನಿಂದ ಸವರಿ ಸಮ ಮಾಡುತ್ತಿದ್ದಳಂತೆ,
ಗುಡ್ಡೆ ಏಳಬಾರದು.
ಅಜ್ಜಿ ಹೇಳುವುದು ಇಷ್ಟೇ. ಉಳಿದದ್ದನ್ನು
ಕುಂಚ ತೊಳೆಯುವ ನೀರಿಗೆ ಹೇಳುತ್ತಾಳೋ ಏನೋ.

‘ಬಿಳಿ ಸಾಲದು’ ಅಂದೆ.
‘ಮೊದಲು ಕಾಕಟೂ’ ಅಂದಳು.
ಹಕ್ಕಿಗೆ ಹೋಯಿತು ಅರ್ಧ. ಆಮೇಲೆ ನಾಯಿಯ ಹಲ್ಲು.
ಆಮೇಲೆ ಬಂಡೆಯ ಸುತ್ತ ಸಣ್ಣ ಸಣ್ಣ ಚುಕ್ಕಿ;
ಅವು ಏನೆಂದು ನಾನು ಕೇಳಲಿಲ್ಲ, ಕೇಳುವಂಥದಲ್ಲ.
ಕೊನೆಗೆ ಎದ್ದು ಹೋಗಿ ಚಮಚ ತಂದಳು,
ಎರಡು ಅಳೆದಳು,
ಬೆರಳಿನಿಂದ ಸವರಿ ಸಮ ಮಾಡಿದಳು.
‘ಇದು ಗವರ್ನರಿಗೆ. ವಾರಕ್ಕೆ ಇಷ್ಟು.’

ಅಂಥ ಅಗಲ ಮುಖಕ್ಕೆ ಎರಡು ಚಮಚ ಎಲ್ಲಿ ಸಾಕು!
ನೀರು ಬೆರೆಸಿ, ತೆಳ್ಳಗೆ ಎಳೆದಳು, ಇನ್ನೂ ತೆಳ್ಳಗೆ.
ಹಣೆಯಲ್ಲಿ ಕೆಂಪು ಮಣ್ಣು ಕಾಣುತ್ತದೆ.
ಕೆನ್ನೆಯೊಳಗೆ ಒಂದು ಬತ್ತಿದ ಹೊಳೆ.
ಹೊಟ್ಟೆಯಲ್ಲಿ, ಚಿನ್ನದ ಗುಂಡಿಗಳ ಹಿಂದೆ,
ನಮ್ಮ ಬೆಟ್ಟ
ಇದ್ದಲ್ಲೇ ಇದೆ.

ಗುರುವಾರ ಲಾರಿ ಬಂತು, ಹನ್ನೆರಡು ಡಬ್ಬಿ ಬಿಳಿ.
ಒಂದು ಚೆಲ್ಲಿತು, ಸಾರ್ಜೆಂಟ್ ತುಳಿದು
ಇಡೀ ಶೆಡ್ಡಿಗೆ ಹೆಜ್ಜೆ ಹಾಕಿತು.
ಗವರ್ನರಿಗೆ ಒಂದು ಹನಿಯೂ ಇಲ್ಲ.

ಅಡಿಲೇಡಿನ ತಣ್ಣನೆಯ ಗ್ಯಾಲರಿಯಲ್ಲಿ
ಕನ್ನಡಕದವರೊಬ್ಬರು ಬಹಳ ಹೊತ್ತು ನೋಡಿ,
‘ಈ ಪಾರದರ್ಶಕತೆ... ಸಾಮ್ರಾಜ್ಯದ ಟೊಳ್ಳು, ಅಲ್ಲವೇ?’ ಅಂದರು.
ಅಜ್ಜಿ ನನ್ನ ಕಿವಿಯಲ್ಲಿ ನಮ್ಮ ಮಾತಿನಲ್ಲಿ ಏನೋ ಅಂದಳು,
ಅದನ್ನು ಬರೆಯಲಾರೆ.
ಆಮೇಲೆ ಅವರತ್ತ ತಿರುಗಿ, ಇಂಗ್ಲಿಷಿನಲ್ಲಿ,
ಭಾರಿ ಮರ್ಯಾದೆಯಿಂದ:
‘ಬಿಳಿ ಮುಗಿದಿತ್ತು ಸಾರ್.
ಸಾಲು ಉದ್ದ ಇತ್ತು.’

ಅವರು ಬರೆದುಕೊಂಡರು.