ಇನ್ನೂ ಸುಣ್ಣ ಬಿದ್ದಿಲ್ಲ

ಶಹಾಬಾದಿನ ಸರ್ಕಾರಿ ಆಸ್ಪತ್ರೆ, ಎಕ್ಸ್‌ರೇ ಕೋಣೆ.
ಹನ್ನೆರಡನೇ ದಿನ.
ಯಲ್ಲಾಲಿಂಗನ ಎಡ ಮುಂಗೈಯ ಫಿಲ್ಮನ್ನು
ದೀಪದ ಪೆಟ್ಟಿಗೆಗೆ ಸಿಕ್ಕಿಸಿ ನಿಂತಿದ್ದೇನೆ.
ಎರಡು ತುಂಡು, ನಡುವೆ ಕಪ್ಪು ಸಂದು,
ಮೊದಲ ದಿನ ಇದ್ದಷ್ಟೇ ಕಪ್ಪು.

"ಕೂಡ್ಯಾದೇನ್ರಿ ಎಲುಬು?" ಚಂದಮ್ಮ ಕೇಳುತ್ತಾಳೆ.
ಗಣಿಯಿಂದ ನೇರ ಬಂದವಳು,
ಹುಬ್ಬಿನ ತನಕ ಕಲ್ಲಿನ ಪುಡಿ.
"ಏನೂ ಕಾಣವಲ್ದಲ್ರಿ."

ಕಾಣುವುದಿಲ್ಲವ್ವ. ನನ್ನ ಯಂತ್ರಕ್ಕೆ
ಕಲ್ಲಷ್ಟೇ ಕಾಣುತ್ತದೆ, ನೂಲು ಕಾಣುವುದಿಲ್ಲ.

ಆ ಕಪ್ಪಿನಲ್ಲಿ ಈಗ ನೇಯ್ಗೆ ನಡೆದಿದೆ.
ಹೆಪ್ಪುಗಟ್ಟಿದ ರಕ್ತದ ಜಾಗಕ್ಕೆ ಬಂದು
ಮೂರು ಮೂರು ಎಳೆ ಹೊಸೆದ ಹುರಿ
ಹಾಸುತ್ತಾ ಇದ್ದಾರೆ ಯಾರೋ,
ಹಸಿ, ಮೆತ್ತಗೆ, ನೆನೆದ ಸೆಣಬಿನ ಹಾಗೆ.
ಬಾಗಿಸಿದರೆ ಬಾಗುತ್ತದೆ. ಎಲುಬಲ್ಲ ಅದು ಇನ್ನೂ,
ಎಲುಬು ಬರಲಿರುವ ಜಾಗ.
ನೇಯ್ದವರು ನೇಯ್ದು ಕಾಯುತ್ತಾರೆ
ಹತ್ತು ದಿನ, ಹೆಚ್ಚು ಕಡಿಮೆ.
ಯಾಕೆ ಕಾಯುತ್ತಾರೋ; ಪುಸ್ತಕದಲ್ಲಿ ಒಂದಿಷ್ಟು ಬರೆದಿದೆ,
ಓದಿದ್ದೇನೆ, ಪೂರ್ತಿ ತಿಳಿದಿಲ್ಲ.

ಆಮೇಲೆ ಸುಣ್ಣ ಬರುತ್ತದೆ.
ಎಳೆ ಎಳೆಯ ನಡುವಿನ ತೆರಪಿನಲ್ಲಿ
ಕಣ್ಣಿಗೆ ಸಿಗದ ಹರಳು, ಒಂದು ಕೂತರೆ
ಪಕ್ಕದಲ್ಲಿ ಇನ್ನೊಂದು,
ಹಂಡೆಯ ತಳಕ್ಕೆ ಕಟ್ಟುವ ಬಿಳಿ ಪೊರೆಯಂತೆ.
ಬಂದದ್ದು ನಿಮ್ಮ ಬಾವಿಯ ನೀರಿನಿಂದಲೇ,
ಮಜ್ಜಿಗೆಯಿಂದ, ಸಜ್ಜಿ ರೊಟ್ಟಿಗೆ ಹಚ್ಚಿದ ಎಳ್ಳಿನಿಂದ;
ಊರೆಲ್ಲ ಬೈಯುವ ಈ ಬಿಸಿಲೇ
ಅದನ್ನು ಕರುಳಿನಿಂದ ರಕ್ತಕ್ಕೆ ದಾಟಿಸಿದ್ದು.

ನೀನು ದಿನಾ ಎಬ್ಬಿಸುವ ಫರಸಿ ಇದೆಯಲ್ಲ,
ಅದೂ ಹೀಗೇ ಪದರ ಪದರ ಕೂತದ್ದು,
ಮೀನೇ ಹುಟ್ಟಿರದ ಒಂದು ಸಮುದ್ರದ ತಳದಲ್ಲಿ.
ಯಾರ ಮೈಯಲ್ಲೂ ಎಲುಬಿಲ್ಲದ ಕಾಲ.
ಸುಣ್ಣ ಮಾತ್ರ ಇತ್ತು.

ಇದನ್ನೆಲ್ಲ ಅವಳಿಗೆ ಹೇಳಲಿಲ್ಲ.
"ಇನ್ನೂ ಸುಣ್ಣ ಬಿದ್ದಿಲ್ಲ, ಮೂರು ವಾರ ಬಿಟ್ಟು ಬಾ" ಅಂದೆ.

ನೇಯ್ದವರಲ್ಲಿ ಕೆಲವರು ಅಲ್ಲೇ ಉಳಿದುಬಿಡುತ್ತಾರೆ,
ಸುತ್ತ ಸುಣ್ಣ ಬಿಗಿದು ಗೋಡೆಯಾಗುತ್ತದೆ.
ಸಾಯುವುದಿಲ್ಲ. ಕೂದಲಿಗಿಂತ ಸಣ್ಣ ಕಿಂಡಿಯಲ್ಲಿ
ಬೆರಳು ಚಾಚಿ ಪಕ್ಕದವರನ್ನು ಮುಟ್ಟುತ್ತಾರೆ:
ಭಾರ ಬಂತೇ? ಯಾವ ಕಡೆಯಿಂದ?
ರಾತ್ರಿ ಊಟ ಬಡಿಸುವಾಗ ನೆನಪಾಗಿ
ನನ್ನ ಮಣಿಕಟ್ಟನ್ನೇ ಹಿಡಿದು ನೋಡಿದೆ.

ಐದನೇ ವಾರ. ಸಂದಿನಲ್ಲಿ ಮಬ್ಬು ಬಿಳುಪು,
ಎಲುಬಿಗಿಂತ ದಪ್ಪ.
ಚಂದಮ್ಮನ ಮುಖ ಬಾಡಿತು. "ಗಂಟು ಕಟ್ಯಾದಲ್ರಿ!"
ಹೇಗೆ ವಿವರಿಸಲಿ ಅನ್ನುವಷ್ಟರಲ್ಲಿ ಅವಳೇ
ಫಿಲ್ಮಿನ ಹತ್ತಿರ ಮೂಗು ತಂದು,
ಸೆರಗಿಗೆ ಬೆರಳೊರೆಸಿ
ಆ ಉಬ್ಬಿನ ಅಂಚನ್ನು ತೀಡಿದಳು.
"ಹೌದಲ್ಲ. ಮೊದ್ಲು ದಪ್ಪ ಬಿಡಬೇಕು.
ಅಂಚು ಆಮ್ಯಾಲ ಕೊರೀತಾರ."

ಕೊರೆಯುವವರು ಬರುತ್ತಾರೆ, ನಿಜ;
ಹುಳಿ ಉಗುಳಿ ಕಲ್ಲು ಕರಗಿಸುವವರು.
ವರ್ಷ ಹಿಡಿಯುತ್ತದೆ.

ಪ್ಲಾಸ್ಟರ್ ಒಡೆದಾಗ ಕೈ ಸಣಕಲು,
ಚರ್ಮ ಸುಲಿಯುತ್ತಿತ್ತು, ಹಳೆ ಬೆವರಿನ ನಾತ.
ಯಲ್ಲಾಲಿಂಗ ಮೂಸಿ ನೋಡಿ ನಕ್ಕ.
ಬಕೆಟ್ಟಿಗೆ ಬಿದ್ದ ಬಿಳಿ ಚಿಪ್ಪು
ಮನೆಗೆ ಒಯ್ಯಲೇನ್ರಿ ಎಂದ.
ಒಳಗೆ ಅವನ ಕೈಯ ಆಕಾರ, ಎರಡು ಇರುವೆ.
"ಒಯ್ಯಿ" ಅಂದೆ.

ಬಾಗಿಲಾಚೆ ಫರಸಿಯ ಮೇಲೆ
ಚಪ್ಪಲಿ ಇಲ್ಲದ ಓಟದ ಸಪ್ಪಳ,
ಹಿಂದಿನಿಂದ ಚಂದಮ್ಮ: "ಏ, ಸಾವಕಾಶ!"