ಪೆಡಲ್ ರಬ್ಬರು

"ಐವತ್ತು ಸಾವಿರ ಹಿಂದಕ್ಕೆ ಹಾಕ್ತೀನಕ್ಕ" ಅಂದ ಎರ್ರಿಸ್ವಾಮಿ,
ಹಲ್ಲಸಂದಿಯ ಮಿರ್ಚಿಬೀಜ ನಾಲಿಗೆಯಲ್ಲೇ ತಡಕುತ್ತ.
"ಲ್ಯಾಪ್‌ಟಾಪ್ ಹಚ್ಚಿದ್ರೆ ಹತ್ತು ನಿಮಿಷದ ಕೆಲಸ.
ಒಂದು ಹದಿನೆಂಟು ಇದ್ದದ್ದು ಅರವತ್ತೆಂಟು ಆಗ್ತೈತೆ.
ಗಾಡಿಗೂ ವಯಸ್ಸು ಇಳೀತೈತೆ, ನಿಮಗೂ ನಾಲ್ಕು ಕಾಸು."

ಸುಧಾ ಕ್ರಾಸಿನ ಗೇಟು ಬಿದ್ದಿತ್ತು.
ಅದಿರಿನ ಗೂಡ್ಸು, ಐವತ್ತೆಂಟು ಡಬ್ಬಿ;
ಎಣಿಸದೆ ಬಿಟ್ಟವಳಲ್ಲ ನಾನು ಯಾವತ್ತೂ.
ಬಾನೆಟ್ಟಿನ ಮೇಲೆ ಕೆಂಪು ಧೂಳು,
ಕುಂಕುಮ ಮಾರುವವನು ಕೈ ಒರೆಸಿ ಹೋದ ಹಾಗೆ.

ಯಾವ ಐವತ್ತು ಸಾವಿರ ತೆಗೀತಾನೆ ಇವನು?

ಕೌಲ್ ಬಜಾರಿನಿಂದ ಮುಂಡ್ರಿಗಿಯ ವಾಷಿಂಗ್ ಯೂನಿಟ್ಟಿಗೆ
ಹೊಲಿದ ಜೀನ್ಸಿನ ಗಂಟು, ದಿನಕ್ಕೆ ಎರಡು ಸಲ.
ಅದನ್ನು ತೆಗೆದರೆ ಹಿಂದಿನ ಸೀಟಿನ ನೀಲಿ ಯಾರದು?
ಕಂಪನಿ ಕೊಟ್ಟದ್ದು ಬೂದು ಬಣ್ಣ.
ಬಣ್ಣ ಬಿಡುವ ಬಟ್ಟೆ ಒಂಬತ್ತು ವರ್ಷ ಕೂತು ಕೂತು
ಸ್ಪಂಜಿನ ತನಕ ಇಳಿದಿದೆ.
ಶಾಂಪೂ ಆಯಿತು, ನಿಂಬೆಹಣ್ಣು ಆಯಿತು, ಸೀಮೆಎಣ್ಣೆಯೂ.
"ಹೊರಗೆ ಕೆಂಪು, ಒಳಗೆ ನೀಲಿ,
ಯಾವ ಪಾರ್ಟೀದಮ್ಮ ಗಾಡಿ?"
ಟೋಲಿನ ಹುಡುಗ ಒಮ್ಮೆ ಕೇಳಿದ್ದ.

ಇಲ್ಲ, ಕುಡತಿನಿ ದಾಟಿ ರೇಡಿಯೇಟರ್ ಕುದಿದು ನಿಂತ ಆ ಮೇ ತಿಂಗಳೋ?
ಕುಡಿಯುವ ನೀರಿನ ಎರಡೂ ಬಾಟಲಿ ಅದಕ್ಕೇ ಸುರಿದು
ನಾನೂ ಅತ್ತಿಗೆಯೂ ಒಂದೇ ಕಲ್ಲಂಗಡಿ ಹೋಳು ಕಚ್ಚಿದ್ದು?
ಖರ್ಚು ಎರಡು ಸಾವಿರದ ಇನ್ನೂರು,
ಕಲ್ಲಂಗಡಿ ಬಿಟ್ಟು.

ಕ್ಲಚ್ ಪ್ಲೇಟಿಗೆ ಏಳು ಸಾವಿರದ ನಾನೂರು.
ಎ.ಸಿ.ಗೆ ಹದಿನಾಲ್ಕು ಅಂದರು.
ಬಳ್ಳಾರಿಯಲ್ಲಿ ಎ.ಸಿ. ಇಲ್ಲದ ಕಾರು
ನಾಲ್ಕು ಚಕ್ರದ ಇಡ್ಲಿಪಾತ್ರೆ, ಗೊತ್ತು.
ಆದರೆ ಹದಿನಾಲ್ಕು ಸಾವಿರ ಅಂದರೆ
ಎರಡು ಮಷೀನಿಗೆ ಹೊಸ ಮೋಟಾರು.
ಕಿಟಕಿ ಇಳಿಸಿದೆ.

ಕೊಂಡಾಗ ಮೀಟರು ನಲವತ್ತೊಂದು ಸಾವಿರ ತೋರಿಸುತ್ತಿತ್ತು.
ಡಾಕ್ಟರ ಗಾಡಿ, ಮನೆಯಿಂದ ಕ್ಲಿನಿಕ್ಕು, ಕ್ಲಿನಿಕ್ಕಿಂದ ಮನೆ
ಅಂತ ಹೇಳಿ ಮಾರಿದ್ದರು.
ವಾರದ ಮೇಲೆ ಹುಸೇನ್‌ಪೀರನ ಶೆಡ್ಡಿಗೆ ಒಯ್ದೆ.
ಅವನು ಬಾನೆಟ್ ಎತ್ತಲಿಲ್ಲ.
ಬಾಗಿಲು ತೆರೆದು, ಮಂಡಿಯೂರಿ,
ಬ್ರೇಕ್ ಪೆಡಲಿನ ರಬ್ಬರನ್ನು ಹೆಬ್ಬೆರಳಲ್ಲಿ ಸವರಿದ.
ಗೀರುಗಳೆಲ್ಲ ಸವೆದು
ಎಡತುದಿಯಲ್ಲಿ ಕಬ್ಬಿಣ ಇಣುಕುತ್ತಿತ್ತು.
"ಮೀಟರು ಬಾಯಿಂದ ಹೇಳ್ತೈತಕ್ಕ,
ಇದು ಕಾಲಿಂದ."
ಕೊಳ್ಳುವ ಮೊದಲು ನನ್ನನ್ನು ಕರೀಬೇಕಿತ್ತು
ಅನ್ನಲಿಲ್ಲ, ಅದು ಅವನ ದೊಡ್ಡತನ.
ಹೊಸ ರಬ್ಬರು ಹಾಕಲಾ, ಎಂಬತ್ತು ರೂಪಾಯಿ, ಅಂದ.
ಬೇಡ ಅಂದೆ. ಯಾಕೆ ಬೇಡ ಅಂದೆನೋ.

ಅಂದರೆ ನನ್ನ ಒಂದು ಹದಿನೆಂಟೂ ಸುಳ್ಳೇ.
ಅದರ ಕೆಳಗೆ ಇನ್ಯಾರದೋ ರಸ್ತೆ ಮಲಗಿದೆ,
ಇನ್ಯಾರದೋ ಪಾದ,
ಯಾವುದೋ ತಿರುವಿನಲ್ಲಿ ತಡವಾಗಿ ಒತ್ತಿದ ಬ್ರೇಕು.
ಒಂಬತ್ತು ವರ್ಷ ಆ ಪಾದದ ಮೇಲೆ ನನ್ನ ಪಾದ.

ಗೇಟು ಎದ್ದಿತು. ಹಿಂದಿನಿಂದ ಹಾರನ್ನು.
"ಹಾಗೇ ಇರಲಿ" ಅಂದೆ.
"ಹದಿನೆಂಟು ಸಾವಿರ ಕಳಕೊಂತೀರಿ" ಅಂದ,
ಆಮೇಲೆ ಮೋತಿ ಸರ್ಕಲಿನ ತನಕ ಮಾತಾಡಲಿಲ್ಲ.

ಭಾನುವಾರ ಮೋಕಾದ ಪಂಪಾಪತಿ ಬಂದ.
ಮೊಟ್ಟೆಯ ವ್ಯಾಪಾರ, ಅಂಗಡಿ ಅಂಗಡಿಗೆ ಟ್ರೇ ಇಳಿಸುವವನು.
ಟೈರಿಗೆ ಒದ್ದ, ಎಲ್ಲರೂ ಒದೆಯುವ ಹಾಗೆ.
"ಅಲ್ಲಲ್ಲಣ್ಣ, ಇಲ್ಲಿ ನೋಡು" ಅಂತ
ಬಾಗಿಲು ತೆರೆದು ಪೆಡಲು ತೋರಿಸಿದೆ.
ಎರ್ರಿಸ್ವಾಮಿ ಆಕಾಶ ನೋಡಿದ.
ಪಂಪಾಪತಿ ಬಗ್ಗಿದ, ಸವರಿದ, ಬಹಳ ಹೊತ್ತು ಸುಮ್ಮನಿದ್ದ.
ಹದಿನೆಂಟಲ್ಲ, ಇಪ್ಪತ್ತೆರಡು ಮುರಿದುಕೊಂಡ.

ನೋಟು ಎಣಿಸಿ ಕೊಡುವಾಗ ಹಿಂದಿನ ಸೀಟಿಗೆ ಬೆರಳು ಮಾಡಿ
"ಈ ನೀಲಿ ಹೋಗ್ತೈತಾ?" ಅಂದ.
ಹೋಗಲ್ಲ, ಅಂದೆ.
"ಮೊಟ್ಟೆಗೆ ಹತ್ತುತೈತಾ?"

ಅದೊಂದು ಮಾತ್ರ, ಖರೇವಂದ್ರೂ,
ನನಗೆ ಗೊತ್ತಿರಲಿಲ್ಲ.